ಇನ್ನೊಂದು ಕಲ್ಲಹಳ್ಳಿ

ವಸಂತಲಕ್ಷ್ಮಿಗೆ ಆ ಇಮೇಲ್ ಬಂದದ್ದು ೨೦೧೪ರ ಅಕ್ಟೋಬರಿನಲ್ಲಿ. ಅಮೇರಿಕಾದಲ್ಲಿ ಅವಳಿದ್ದ ಊರಿನ ಕನ್ನಡ ಕೂಟದ ಕಾರ್ಯದರ್ಶಿ ಕಳಿಸಿದ್ದರು. ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿ ಬೆಳೆದ ಅಣ್ಣ ತಂಗಿ ಇಬ್ಬರು ಇಲ್ಲೇ ಹತ್ತಿರದ ವುಡಿನ್‌ವಿಲ್‌ನಲ್ಲಿದ್ದಾರೆ, ಅವರ ಅಜ್ಜಿ ಬಳ್ಳಾರಿ ಜಿಲ್ಲೆಯಿಂದ ಕಬ್ಬಿನ ತೋಟದ ಕೂಲಿಗೆ ಹೋದವಳಂತೆ, ಊರು ಯಾವುದೆಂದು ಹುಡುಕುತ್ತಿದ್ದಾರೆ, ನೀವು ಹೊಸಪೇಟೆ ಕಡೆಯವರಲ್ಲವೇ, ಒಂದು ಸಲ ಮಾತಾಡಿ ಎಂದು ಬರೆದಿದ್ದರು.

ಅವಳು ಕೂಡಲೇ ಒಪ್ಪಿಕೊಂಡಳು. ಬೆಲ್ವ್ಯೂ ಡೌನ್‌ಟೌನಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದ ಅವಳನ್ನು ಕೂಟದ ಜನ ನೆನೆಯುತ್ತಿದ್ದದ್ದು ಮಾತ್ರ ಕನ್ನಡದ ಕೆಲಸಗಳಿಗೆ. ಆಮಂತ್ರಣ ಬರೆಯಬೇಕು, ನಾಟಕ ತಿದ್ದಬೇಕು, ಮಕ್ಕಳಿಗೆ ಕಾಗುಣಿತ ಕಲಿಸಬೇಕು ಅಂದರೆ ವಸಂತಲಕ್ಷ್ಮಿ. ಈ ಕೆಲಸವೂ ಅಂಥದ್ದೇ ಎಂದುಕೊಂಡಳು. ಶನಿವಾರ ಬೆಳಿಗ್ಗೆ ಈಸ್ಟ್‌ಗೇಟ್‌ನಲ್ಲಿ ತನ್ನ ಮನೆಗೆ ಹತ್ತಿರದ ಕಾಫಿ ಅಂಗಡಿಗೆ ಬರಹೇಳಿದಳು.

ಸಿರಿಲ್ ಗಂಗೂ ಎತ್ತರದ ಆಳು. ಎಪ್ಪತ್ತು ದಾಟಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಯೌವನದಲ್ಲೇ ಈ ಕಡೆಗೆ ಬಂದು ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ತಂಗಿ ಜೋಯ್ಸ್ ನರ್ಸ್ ಆಗಿದ್ದವರು. ಸಿರಿಲ್ ಅವರ ಹೆಂಡತಿ ತೀರಿಕೊಂಡ ಮೇಲೆ ಅಣ್ಣ ತಂಗಿ ಒಂದೇ ಮನೆಯಲ್ಲಿದ್ದರು. ಇಬ್ಬರ ಇಂಗ್ಲಿಷೂ ಹಾಡಿದ ಹಾಗೆ ಏರಿ ಇಳಿಯುತ್ತಿತ್ತು. ಅಪ್ಪನ ಕಾಲದಲ್ಲಿ ಮಿಷನ್ ಶಾಲೆಗೆ ಸೇರಿದ್ದರಿಂದ ಮನೆಗೆ ಕ್ರಿಶ್ಚಿಯನ್ ಹೆಸರುಗಳು ಬಂದವು, ಅಡ್ಡಹೆಸರು ಮಾತ್ರ ಅಜ್ಜಿಯದ್ದೇ ಉಳಿಯಿತು, ತೋಟದ ಗುಮಾಸ್ತ ಬಾಯಿಗೆ ಬಂದಂತೆ ಬರೆದುಕೊಂಡದ್ದು ಗಂಗೂ ಆಯಿತು ಎಂದು ಸಿರಿಲ್ ಹೇಳಿದರು.

ಹುಡುಕಿದ್ದೆಲ್ಲ ಜೋಯ್ಸ್. ಅವರು ಎಷ್ಟೋ ರಜೆಗಳನ್ನು ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ದಾಖಲೆ ಕಚೇರಿಯಲ್ಲಿ ಕಳೆದಿದ್ದರು. ಮೊದಲು ಅಪ್ಪನ ಜ್ಞಾನಸ್ನಾನದ ದಾಖಲೆ ಸಿಕ್ಕಿತು, ಅದರಲ್ಲಿ ತೋಟದ ಹೆಸರಿತ್ತು. ತೋಟದ ಪುಸ್ತಕದಲ್ಲಿ ಅಜ್ಜಿಗೆ ಕೊಟ್ಟಿದ್ದ ನಂಬರು, ಬಂದ ಹಡಗಿನ ಹೆಸರು ಸಿಕ್ಕವು. ಆ ಹಡಗಿನ ಕಾಗದಗಳ ಕಟ್ಟು ಬಿಚ್ಚಿದರೆ ಅಜ್ಜಿಯ ವಲಸೆ ಚೀಟಿಯೇ ಇತ್ತು. ಬ್ರಿಟಿಷರು ಮನುಷ್ಯರ ಲೆಕ್ಕವನ್ನೂ ಸಕ್ಕರೆ ಮೂಟೆಯ ಲೆಕ್ಕದಷ್ಟೇ ಚೆನ್ನಾಗಿ ಇಟ್ಟಿದ್ದರು, ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಬೇಕೋ ಉಗಿಯಬೇಕೋ ಗೊತ್ತಾಗುವುದಿಲ್ಲ ಎಂದು ಜೋಯ್ಸ್ ನಕ್ಕರು. ಆಮೇಲೆ ಚೀಟಿಯ ಪ್ರತಿಯನ್ನು ಮೇಜಿನ ಮೇಲೆ ಹರಡಿದರು.

ಮದ್ರಾಸ್ ಬಂದರು, ೧೯೦೯. ಹೆಸರು ಗಂಗವ್ವ. ವಯಸ್ಸು ಇಪ್ಪತ್ತು, ವಿಧವೆ. ಜಿಲ್ಲೆ ಬಳ್ಳಾರಿ. ತಾಲ್ಲೂಕಿನ ಜಾಗವನ್ನು ಹುಳು ತಿಂದಿತ್ತು. ಊರು ಕಲ್ಲಹಳ್ಳಿ. ಹತ್ತಿರದ ಬಂಧು: ಅಣ್ಣ, ನಂಜುಂಡಸ್ವಾಮಿ. ಮೈಮೇಲಿನ ಗುರುತು: ಎಡಗೈಯಲ್ಲಿ ಆರು ಬೆರಳು.

ವಸಂತಲಕ್ಷ್ಮಿ ಕೊನೆಯ ಸಾಲನ್ನು ಮತ್ತೆ ಓದಿದಳು. ಅವಳ ಕಿವಿ ಬಿಸಿಯಾಯಿತು.

ಕಲ್ಲಹಳ್ಳಿ ಅವಳ ತವರು. ನಂಜುಂಡಸ್ವಾಮಿ ಅವಳ ಮುತ್ತಾತ. ಗಂಗವ್ವ ಅವರ ಮನೆದೇವತೆ. ಗಂಡ ಸತ್ತ ದುಃಖ ತಾಳಲಾರದೆ ಬಾವಿಗೆ ಬಿದ್ದ ಮಹಾತಾಯಿ ಎಂದು ಮನೆಯಲ್ಲಿ ಹೇಳುತ್ತಿದ್ದರು. ತಂಗಿಯ ನೆನಪಿಗೆ ಮುತ್ತಾತ ಹಿತ್ತಲಿನ ಬಾವಿಯ ಹತ್ತಿರ ಒಂದು ಕಲ್ಲು ನಿಲ್ಲಿಸಿದ್ದ. ಕಲ್ಲಿನ ಮೇಲೆ ಎತ್ತಿದ ಎಡಗೈ, ಕೈಗೆ ಆರು ಬೆರಳು. ಮನೆಯ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಅದಕ್ಕೆ ಸೀರೆ ಉಡಿಸಿ, ಹೋಳಿಗೆ ಎಡೆ ಇಟ್ಟು, ನಮ್ಮ ತಾಳಿ ಕಾಯಿ ತಾಯಿ ಎಂದು ಕೈ ಮುಗಿಯುತ್ತಿದ್ದರು. ವಸಂತಲಕ್ಷ್ಮಿಯೂ ಮದುವೆಯಾದ ವರ್ಷ ಉಡಿಸಿದ್ದಳು.

ಆ ಮಹಾತಾಯಿ ಈ ಚೀಟಿಯ ಪ್ರಕಾರ ಸತ್ತೇ ಇರಲಿಲ್ಲ.

ಸಿರಿಲ್ ಅಜ್ಜಿಯ ವಿಷಯ ಹೇಳುತ್ತಿದ್ದರು. ತನಗೆ ಇಪ್ಪತ್ತು ತುಂಬುವವರೆಗೂ ಅಜ್ಜಿ ಬದುಕಿದ್ದಳು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದಾಗ ಬಸುರಾದಳು. ಯಾರಿಂದ ಎಂದು ಸಾಯುವ ತನಕ ಬಾಯಿ ಬಿಡಲಿಲ್ಲ. ಅಣ್ಣನೇ ರೈಲು ಹತ್ತಿಸಿ, ದೇವರಿಗೆ ಹೋಗಿ ಬರೋಣ ಎಂದು ಮದ್ರಾಸಿಗೆ ಕರೆದುಕೊಂಡು ಹೋಗಿ, ಕೂಲಿಗಳನ್ನು ಸೇರಿಸುವ ಕಟ್ಟಡದಲ್ಲಿ ಕೂರಿಸಿ, ಈಗ ಬರ್ತೀನಿ ಎಂದು ಹೋದವನು ಬರಲೇ ಇಲ್ಲ. ಮಗು ಹಡಗಿನಲ್ಲೇ ಹುಟ್ಟಿತು. ಆ ಮಗುವೇ ತಮ್ಮ ಅಪ್ಪ. ಇಷ್ಟು ಹೇಳಿ ಸಿರಿಲ್, ಅಜ್ಜಿ ಆಡುತ್ತಿದ್ದ ಕೆಲವು ಮಾತು ನೆನಪಿವೆ, ತಮಿಳರನ್ನು ಕೇಳಿದೆ, ತೆಲುಗರನ್ನು ಕೇಳಿದೆ, ನಮ್ಮದಲ್ಲ ಎಂದರು, ನೀವು ಕೇಳಿ ನೋಡಿ ಎಂದು ಗಂಟಲು ಸರಿಮಾಡಿಕೊಂಡರು.

“ಉಣ್ಣಾಕ್ ಬಾರೋ. ಯಾಕಳ್ತಿ ನನ್ ಮಗನ. ಸುಮ್ಕಿರು, ಸುಮ್ಕಿರು.”

ಉಚ್ಚಾರ ಎಲ್ಲೆಲ್ಲೋ ಸವೆದಿತ್ತು. ಆದರೆ ರಾಗ ಅವಳ ಅಜ್ಜಿಯದ್ದು, ಸೋದರತ್ತೆಯದ್ದು, ಅವಳ ಮನೆಯದ್ದು. ಅವಳು ಕಣ್ಣು ತಗ್ಗಿಸಿ ಕಾಫಿ ಲೋಟ ಹಿಡಿದುಕೊಂಡಳು. ಇದು ಕನ್ನಡವೇ ಎಂದಳು, ಅರ್ಥ ಹೇಳಿದಳು. ಸಿರಿಲ್ ತಂಗಿಯ ಕೈ ಹಿಡಿದುಕೊಂಡರು.

ಜೋಯ್ಸ್ ಕೇಳಿದರು. “ಈ ಕಲ್ಲಹಳ್ಳಿ ನಿಮಗೆ ಗೊತ್ತಾ?”

ಆ ಒಂದು ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಬಸುರಿ ವಿಧವೆಯಲ್ಲ. ಊರಿನ ಬಂಧುಗಳು, ಅವರು ನಗುವ ರೀತಿ, ಕೂಟದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೀತಿ. ನಮ್ಮ ಮನೆಯಲ್ಲೊಬ್ಬಳು ಮಹಾತಾಯಿ ಎಂದು ತಾನೇ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದಳು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸುಳ್ಳು ಬಂತು, ಅದೂ ಬಹಳ ನಯವಾಗಿ.

“ನಮ್ಮ ಕಡೆ ಒಂದು ಕಲ್ಲಹಳ್ಳಿ ಇದೆ. ಆದರೆ ಇದು ಅದಲ್ಲ, ಆಗ ಅದಕ್ಕೆ ಬೇರೆ ಹೆಸರಿತ್ತು. ಕೂಡ್ಲಿಗಿ ಕಡೆ ಇನ್ನೊಂದು ಕಲ್ಲಹಳ್ಳಿ ಇದೆ. ಅದೇ ಇರಬೇಕು.”

ಅಷ್ಟಕ್ಕೇ ಮಾತು ಮುಗಿಯುತ್ತದೆ ಎಂದು ಅವಳು ಎಣಿಸಿದ್ದಳು. ಸಿರಿಲ್ ಜೇಬಿನಿಂದ ಪೆನ್ನು ತೆಗೆದು, ಕೂಡ್ಲಿಗಿ ಎನ್ನುವುದನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿ ಎಂದು ಕೇಳಿ ಬರೆದುಕೊಂಡರು. ಹೊರಡುವಾಗ ಅವಳ ಎರಡೂ ಕೈ ಹಿಡಿದು ಬಗ್ಗಿದರು.

ಅಂದು ಸಂಜೆಯೇ ಅವಳು ಊರಿಗೆ ಫೋನ್ ಮಾಡಿ, ಚೀಟಿಯ ವಿಷಯವನ್ನೂ ತಾನು ಕೊಟ್ಟ ಉತ್ತರವನ್ನೂ ಹೇಳಿದಳು. ಅಪ್ಪ ಇಲ್ಲದ ಮೇಲೆ ಮನೆಗೆ ಹಿರಿಯರೆಂದರೆ ಚಿಕ್ಕಪ್ಪ. ಅವರು ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದಳು. ಚಿಕ್ಕಪ್ಪ ನಿಧಾನವಾಗಿ ಹೇಳಿದರು.

“ಬಾವ್ಯಾಗ ಹೆಣ ಸಿಗಲಿಲ್ಲವ್ವಾ. ನಮ್ಮವ್ವಗ ಗೊತ್ತಿತ್ತು. ಮನೀ ಹೆಣ್ಮಕ್ಳಿಗೆಲ್ಲಾ ಗೊತ್ತಿತ್ತು.”

“ಗೊತ್ತಿದ್ದೂ ಪೂಜಿ ಮಾಡಿದ್ರ?”

“ಸತ್ತಾಕಿನ್ನ ದೇವ್ರು ಮಾಡಬೌದು. ಬದುಕಿದಾಕಿನ್ನ ಏನಂತ ಕರೀಬೇಕಿತ್ತು? ನೀ ಹೇಳಿದ್ದು ಚಲೋ ಆತು. ಅದನ್ನ ಅಲ್ಲಿಗೇ ಬಿಡು.”

ಅವಳು ಬಿಟ್ಟಳು. ಅಥವಾ ಬಿಟ್ಟೆ ಎಂದುಕೊಂಡಳು.

ಸಿರಿಲ್ ಬಿಡಲಿಲ್ಲ. ಕೂಟದ ಮೂಲಕವೇ ಸುಪ್ರೀತ್ ಎಂಬ ಎಂಜಿನಿಯರನ್ನು ಹುಡುಕಿದರು. ಅವನ ತಾಯಿಯ ತವರು ಕೂಡ್ಲಿಗಿ ಕಡೆಯ ಕಲ್ಲಹಳ್ಳಿ. ಅವನು ಸೋದರಮಾವನಿಗೆ ಕಾಲ್ ಮಾಡಿ ಎಲ್ಲ ಏರ್ಪಾಟು ಮಾಡಿಸಿದ. ಮೊಣಕಾಲು ನೋವಿನ ಆ ಮುದುಕ ಜನವರಿಯಲ್ಲಿ ವಿಮಾನ ಹತ್ತಿ ಹೋದರು. ಸಂಗತಿ ವಸಂತಲಕ್ಷ್ಮಿಗೆ ತಿಳಿದದ್ದು ಅವರು ಹೊರಟ ಮೇಲೆ. ಆಫೀಸಿನ ಕಿಟಕಿಯ ಹತ್ತಿರ ನಿಂತು, ಅಲ್ಲಿ ಏನೂ ಸಿಗದೆ ಬೇಸರದಿಂದ ಮರಳಿ ಬರಲಿ ದೇವರೇ ಎಂದು ಅವಳು ಬೇಡಿಕೊಂಡಳು. ಬೇಡಿಕೊಂಡ ಮೇಲೆ ತಾನು ಏನು ಬೇಡಿದೆ ಎಂದು ಅರ್ಥವಾಗಿ, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡಳು.

ಅವರು ಬೇಸರದಿಂದ ಬರಲಿಲ್ಲ. ಮಾರ್ಚಿನಲ್ಲಿ ಜೋಯ್ಸ್ ಫೋನ್ ಮಾಡಿ ಊಟಕ್ಕೆ ಕರೆದರು. ನೀವಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ, ತಪ್ಪಿಸಬೇಡಿ ಎಂದರು. ಗಣಪತಿ, ಅವಳ ಗಂಡ, ಕೆಲಸದ ಮೇಲೆ ಪೋರ್ಟ್‌ಲ್ಯಾಂಡಿಗೆ ಹೋಗಿದ್ದ. ಅವಳು ಒಬ್ಬಳೇ ಡ್ರೈವ್ ಮಾಡಿಕೊಂಡು, ವೈನರಿಗಳ ಬೋರ್ಡು ದಾಟಿ, ಅವರ ಮನೆ ತಲುಪಿದಳು. ಸುಪ್ರೀತನೂ ಬಂದಿದ್ದ.

ಸಿರಿಲ್ ಅವಳನ್ನು ಸೋಫಾದಲ್ಲಿ ಕೂರಿಸಿ ಒಂದೊಂದೇ ಫೋಟೊ ತೋರಿಸಿದರು. ಊರ ಜನ ಡೊಳ್ಳು ಬಾರಿಸಿ ಎದುರುಗೊಂಡದ್ದು. ಕೊರಳಿಗೆ ಚೆಂಡುಹೂವಿನ ಹಾರ, ತಲೆಗೆ ಪೇಟ. ದ್ಯಾಮವ್ವ ಎಂಬ ಮುದುಕಿಯೊಬ್ಬಳು ಅವರ ಗಲ್ಲ ಸವರಿ, ನೆಟಿಕೆ ಮುರಿದು, ನಮ್ಮ ಹೆಣ್ಣುಮಗಳ ಹೊಟ್ಟೆಯ ಕುಡಿ ಬಂದಿದೆ ಎಂದು ಅತ್ತಳಂತೆ. ಆ ಊರಿನಲ್ಲಿಯೂ ಯಾವುದೋ ಕಾಲದಲ್ಲಿ ಯಾರೋ ಕಡಲಾಚೆ ಹೋಗಿದ್ದರು, ಹೆಸರು ಯಾರಿಗೂ ನೆನಪಿರಲಿಲ್ಲ, ಅವಳೇ ಗಂಗವ್ವ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಈಗ ಸುಪ್ರೀತನ ಸೋದರಮಾವನ ಮನೆಯವರು ಭಾನುವಾರ ಭಾನುವಾರ ವಿಡಿಯೊ ಕಾಲ್ ಮಾಡುತ್ತಾರೆ, ಅಜ್ಜಾರೇ ಊಟ ಆಯ್ತಾ ಎಂದು ಕೇಳುತ್ತಾರೆ. ಅದನ್ನು ಸಿರಿಲ್ ಕನ್ನಡದಲ್ಲೇ ಹೇಳಿ ತೋರಿಸಿದರು.

ಆಮೇಲೆ ಜೋಯ್ಸ್ ಒಳಗಿಂದ ಅಜ್ಜಿಯ ಫೋಟೊ ತಂದರು. ತಲೆ ಮೇಲೆ ಸೆರಗು ಹೊದ್ದ ಮುದುಕಿ ಮರದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಗಲ ಹಣೆ, ಒತ್ತಿ ಹಿಡಿದ ತುಟಿ. ಚಿಕ್ಕಪ್ಪನಿಗೆ ಸೀರೆ ಉಡಿಸಿದರೆ ಹೀಗೇ ಕಾಣುತ್ತಿದ್ದರು. ಮಡಿಲಲ್ಲಿ ಇಟ್ಟುಕೊಂಡ ಎಡಗೈಯ ಹೆಬ್ಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳಿತ್ತು.

ವಸಂತಲಕ್ಷ್ಮಿ ಅಂದು ಏನು ಉಂಡಳೋ ಅವಳಿಗೆ ನೆನಪಿಲ್ಲ. ಜೋಯ್ಸ್ ಬಡಿಸಿದರು, ಅವಳು ಚೆನ್ನಾಗಿದೆ ಎಂದಳು. ಸುಪ್ರೀತ್ ಅವಳಿಗೆ, “ನೀವು ಹೇಳಿದ್ದಕ್ಕೇ ಎಲ್ಲಾ ಆಗಿದ್ದು ಆಂಟಿ, ಇಲ್ದಿದ್ರೆ ನಮ್ಮೂರು ಯಾರಿಗೆ ಗೊತ್ತಾಗ್ತಿತ್ತು” ಎಂದ. ಅವಳು ತಲೆಯಾಡಿಸಿದಳು.

ಗಣಪತಿ ಪೋರ್ಟ್‌ಲ್ಯಾಂಡಿನಿಂದ ಬಂದ ದಿನ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ಈಗ ಹೋಗಿ ಹೇಳ್ತೀಯಾ?” ಎಂದ. “ಆ ಮನುಷ್ಯ ಈ ವಯಸ್ಸಲ್ಲಿ ಒಂದು ಊರು ಸಿಕ್ತು ಅಂತ ಖುಷಿಯಾಗಿದಾರೆ. ನಿನ್ನ ಸಮಾಧಾನಕ್ಕೆ ಅದನ್ನ ಕಿತ್ಕೋತೀಯಾ? ಹಾಗಂತ ಹೇಳ್ದೆ ಇರು ಅಂತಾನೂ ನಾನು ಹೇಳಲ್ಲ, ಲಕ್ಷ್ಮಿ.”

ಅವಳಿಗೂ ಅದೇ ತಿಳಿಯುತ್ತಿರಲಿಲ್ಲ. ಹೇಳಿದರೆ ಅವರ ಸಂತೋಷ ಹೋಗುತ್ತದೆ, ಹೇಳದಿದ್ದರೆ ತನ್ನ ಸುಳ್ಳಿನ ಮೇಲೆ ಅವರು ದಿನಾ ನಡೆದಾಡುತ್ತಿರುತ್ತಾರೆ. ಮೊದಲು ಅವಳಿಗೆ ನಾಚಿಕೆಯಾಗಿದ್ದು ಗಂಗವ್ವನ ವಿಷಯಕ್ಕೆ. ಅದು ಯಾವಾಗ ಕರಗಿತೋ ಗೊತ್ತಾಗಲಿಲ್ಲ. ಆ ಜಾಗದಲ್ಲಿ ಈಗ ತನ್ನ ವಿಷಯದ ನಾಚಿಕೆ ಬಂದು ಕೂತಿತ್ತು. ಮಕ್ಕಳಿಗೆ ಕಾಗುಣಿತ ಹೇಳಿಕೊಡುವಾಗ, ಆಫೀಸಿನಲ್ಲಿ ಯಾರೋ ಸುಮ್ಮನೆ ಮೆಚ್ಚಿ ಮಾತಾಡಿದಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಅವಳ ಕಿವಿ ಅಂದಿನ ಹಾಗೇ ಬಿಸಿಯಾಗುತ್ತಿತ್ತು. ವುಡಿನ್‌ವಿಲ್‌ನಿಂದ ಕರೆ ಬಂದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತಿದ್ದಳು. ಬೇಸಿಗೆ ಬಂತು.

ಜುಲೈನಲ್ಲಿ ಸಿರಿಲ್ ಅವರೇ ಬರೆದರು. ಕಲ್ಲಹಳ್ಳಿಯ ಜನ ಊರ ಬಾಗಿಲ ಹತ್ತಿರ ಗಂಗವ್ವನ ಹೆಸರಿನಲ್ಲಿ ಒಂದು ಕಲ್ಲು ನೆಡಲು ಜಾಗ ಕೊಟ್ಟಿದ್ದಾರೆ. ಕಲ್ಲಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಬೇಕು. ಬರೆದುಕೊಡಲು ನಿಮಗಿಂತ ಯೋಗ್ಯರು ನನಗೆ ಗೊತ್ತಿಲ್ಲ.

ಅವಳು ಅಡುಗೆಮನೆಯ ಮೇಜಿನ ಹತ್ತಿರ ಹಾಳೆ ಹಿಡಿದು ಕೂತಳು. ಗಂಗವ್ವ, ಎಂದು ಬರೆದಳು. ಮುಂದೆ ಪೆನ್ನು ಓಡಲಿಲ್ಲ. ಹಾಳೆ ಹರಿದು ಕಾರು ತೆಗೆದಳು.

ಅಣ್ಣ ತಂಗಿ ಹಿಂದಿನ ಅಂಗಳದಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಚೀಟಿಯ ಕಲ್ಲಹಳ್ಳಿ ನನ್ನದು, ನಂಜುಂಡಸ್ವಾಮಿ ನನ್ನ ಮುತ್ತಾತ, ಮೊದಲ ದಿನವೇ ನನಗೆ ಗೊತ್ತಾಗಿತ್ತು, ನಾಚಿಕೆಯಾಗಿ ಸುಳ್ಳು ಹೇಳಿದೆ. ಬಾವಿಯ ಕಥೆ ಹೇಳಿದಳು. ಕಲ್ಲಿನ ಮೇಲಿನ ಆರು ಬೆರಳಿನ ಕೈ, ಸೀರೆ, ಹೋಳಿಗೆ, ಎಲ್ಲ ಹೇಳಿದಳು. ಚಿಕ್ಕಪ್ಪ ಅಂದದ್ದನ್ನೂ ಮುಚ್ಚಿಡಲಿಲ್ಲ.

ಜೋಯ್ಸ್ ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟರು.

“ನಮ್ಮಜ್ಜಿ ಮಚ್ಚು ಹಿಡಿದು ಕಬ್ಬು ಕಡಿಯುತ್ತಿದ್ದಳು. ಅದೇ ಹೊತ್ತಿಗೆ ನೀವು ಅವಳಿಗೆ ಸೀರೆ ಉಡಿಸಿ ವರ ಕೇಳುತ್ತಿದ್ದಿರಾ?”

“ಹೌದು” ಎಂದಳು ವಸಂತಲಕ್ಷ್ಮಿ.

“ನನ್ನ ಅಣ್ಣ ಆ ಮೊಣಕಾಲು ಇಟ್ಟುಕೊಂಡು ಭೂಮಿಯ ಆ ಕಡೆಗೆ ಹೋದ. ನೀವು ಒಂದು ಫೋನ್ ಮಾಡಿ ತಡೆಯಬಹುದಿತ್ತು. ಇಲ್ಲಿ ಕೂತು ನನ್ನ ಕೈಯಡುಗೆ ಉಂಡು ಹೋದಿರಿ.”

ಜೋಯ್ಸ್ ಕೂಗಾಡಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಿರಿಲ್ ಗಿಡದ ಹತ್ತಿರವೇ ಕೂತಿದ್ದರು. ವರಸೆ ಲೆಕ್ಕ ಹಾಕಿದರೆ ಅವರು ಅವಳಿಗೆ ಮಾವನಾಗಬೇಕು. ಮಾವ ಎಂದು ಕರೆಯಲು ಅವಳಿಗೆ ನಾಲಿಗೆ ಏಳಲಿಲ್ಲ, ಆ ಹಕ್ಕು ಕಳೆದುಕೊಂಡಿದ್ದೇನೆ ಅನ್ನಿಸಿತು. ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಅವಳಿಗಾಗಿ ಅತ್ತವರು ಯಾರಾದರೂ ಇದ್ದರಾ?

ಇದ್ದರು ಎನ್ನಬಹುದಿತ್ತು. ಅವರಿಗೆ ಸಮಾಧಾನವಾಗುತ್ತಿತ್ತು.

“ನನಗೆ ಗೊತ್ತಿಲ್ಲ” ಎಂದಳು. “ಅತ್ತ ಸುದ್ದಿ ನಾನು ಯಾವತ್ತೂ ಕೇಳಿಲ್ಲ.”

ಅವರು ತಲೆದೂಗಿದರು. ನಿಮ್ಮ ಊರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಚಿಕ್ಕಪ್ಪನ ಹತ್ತಿರ ಮಾತಾಡುತ್ತೇನೆ, ಆ ಬಾವಿ, ಆ ಮನೆ, ಎಲ್ಲ ತೋರಿಸುತ್ತೇನೆ ಎಂದು ಅವಳು ಹೇಳುತ್ತಾ ಹೋದಳು. ಹೇಳುತ್ತಿದ್ದಂತೆ, ತಾನು ಅವರಿಗೆ ಕೊಡುತ್ತಿರುವುದಕ್ಕಿಂತ ತನಗೆ ಕೇಳಿಕೊಳ್ಳುತ್ತಿರುವುದೇ ಹೆಚ್ಚು ಎಂದು ಅವಳಿಗೇ ಕೇಳಿಸಿತು.

ಸಿರಿಲ್ ಕೋಲು ಊರಿ ಎದ್ದರು.

“ಆ ಜನ ನನ್ನನ್ನು ಏನೂ ಕೇಳಲಿಲ್ಲ. ಬಂದ ಅಂತ ಸೇರಿಸಿಕೊಂಡರು. ನೀವು ಚೀಟಿ ಓದಿ, ಯಾರು ಅಂತ ತಿಳಿದೂ ಸೇರಿಸಿಕೊಳ್ಳಲಿಲ್ಲ. ನಾನು ಇನ್ನೊಂದು ಸಲ ಹೋಗುವುದಿದ್ದರೆ ಎಲ್ಲಿಗೆ ಹೋಗಲಿ, ನೀವೇ ಹೇಳಿ.”

ಜೋಯ್ಸ್ ಇಟ್ಟುಹೋಗಿದ್ದ ದಾರದ ಉಂಡೆಯನ್ನು ಸಿರಿಲ್ ಎತ್ತಿಕೊಂಡರು.

“ಆ ಊರಿನವರಿಗೆ ನಾನು ಇದನ್ನೆಲ್ಲ ಹೇಳುತ್ತೇನೆ, ಅವರ ಹತ್ತಿರ ಸುಳ್ಳು ಇಟ್ಟುಕೊಳ್ಳುವುದಿಲ್ಲ. ಆದರೂ ಕಲ್ಲು ನೆಡಲು ಒಪ್ಪಿದರೆ ಅಲ್ಲೇ ನೆಡಿಸುತ್ತೇನೆ. ಕನ್ನಡ ನೀವೇ ಬರೆದುಕೊಡಬೇಕು.”

ಸುಪ್ರೀತ್ ಫೋನ್ ಮಾಡಿ ಆ ಕಡೆಯ ಕಲ್ಲಹಳ್ಳಿಗೆ ವಿಷಯ ತಿಳಿಸಿದ. ಅಲ್ಲಿ ನಾಲ್ಕು ಜನ ಕೂತು ಮಾತಾಡಿದರಂತೆ. ಕೊನೆಗೆ ದ್ಯಾಮವ್ವ, ಮನೆಬಿಟ್ಟ ಹೆಣ್ಣುಮಗಳಿಗೆ ಯಾವ ಊರಾದರೇನು, ನಮ್ಮೂರೇ ಆಗಲಿ ಎಂದಳಂತೆ. ಈ ಮಾತನ್ನು ವಸಂತಲಕ್ಷ್ಮಿಗೆ ಹೇಳುವಾಗ ಅವನು ಆಂಟಿ ಎನ್ನಲಿಲ್ಲ. ಮೇಡಂ ಎಂದ.

ಅವಳು ವುಡಿನ್‌ವಿಲ್‌ಗೆ ಹೋಗಿ ಅವರ ಊಟದ ಮೇಜಿನ ಮೇಲೆ ದಪ್ಪ ಹಾಳೆಯಲ್ಲಿ ಬರೆದಳು. ಜೋಯ್ಸ್ ಎದುರು ಕುರ್ಚಿಯಲ್ಲಿ ಕೂತು ಪ್ರತಿ ಅಕ್ಷರ ಏನೆಂದು ಕೇಳಿದರು, ಇನ್ನು ನಿಮ್ಮನ್ನು ನಂಬಿ ಕೂರುವುದಿಲ್ಲ ಎನ್ನುವ ಹಾಗೆ. ಅವಳು ಪ್ರತಿ ಅಕ್ಷರದ ಹೆಸರು ಹೇಳಿದಳು. ಅಣ್ಣ ಮದ್ರಾಸಿನಲ್ಲಿ ಬಿಟ್ಟುಹೋದ ಗಂಗವ್ವ. ಈ ಊರು ಅವಳನ್ನು ಮಗಳೆಂದಿತು. ಸಿರಿಲ್ ಅರ್ಥ ಕೇಳಿಕೊಂಡು, ಸರಿ ಎಂದರು.

ಊರಿಗೂ ಅವಳು ಮತ್ತೆ ಫೋನ್ ಮಾಡಿದ್ದಳು. ನಡೆದದ್ದೆಲ್ಲ ಹೇಳಿ, ಮನೆಯ ಮಕ್ಕಳಿಗಾದರೂ ನಿಜ ತಿಳಿಸಿ ಎಂದು ಕೇಳಿದಳು. ಚಿಕ್ಕಪ್ಪ, ನೀ ಅಮೇರಿಕಾದಾಗ ಇರಾಕಿ, ನಿನಗೇನು, ನಾವು ಈ ಊರಾಗ ಬಾಳೇವು ಮಾಡಬೇಕು ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ಅವರು ಅವಳ ಕರೆ ತೆಗೆಯಲಿಲ್ಲ.

೨೦೧೭ರ ವಸಂತದಲ್ಲಿ ಸಿರಿಲ್ ನಿದ್ದೆಯಲ್ಲೇ ತೀರಿಕೊಂಡರು. ಜೋಯ್ಸ್ ತಿಳಿಸಲಿಲ್ಲ, ಸುಪ್ರೀತ್ ಮೆಸೇಜ್ ಕಳಿಸಿದ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಜೋಯ್ಸ್ ಪಕ್ಕ ಅವನು ಕೂತಿದ್ದ, ಕಲ್ಲಹಳ್ಳಿಯ ಪರವಾಗಿ. ಶವಪೆಟ್ಟಿಗೆಯನ್ನು ಹೊತ್ತವರಲ್ಲಿ ಅವನೂ ಒಬ್ಬ. ವಸಂತಲಕ್ಷ್ಮಿಯೂ ಗಣಪತಿಯೂ ಹಿಂದೆ, ಕಾರ್ಖಾನೆಯ ಹಳೆಯ ಸಹೋದ್ಯೋಗಿಗಳ ಸಾಲಿನಲ್ಲಿ ಕೂತರು.

ಹೊರಗೆ ಎಲ್ಲರೂ ಜೋಯ್ಸ್ ಅವರನ್ನು ಮಾತಾಡಿಸುತ್ತಿದ್ದರು. ಅವಳ ಸರದಿ ಬಂದಾಗ ಜೋಯ್ಸ್ ಕೈ ಚಾಚಿದರು, ಕೈ ಬೆಚ್ಚಗೇ ಇತ್ತು. ಟ್ರಿನಿಡಾಡಿನಿಂದ ಬಂದಿದ್ದ ಬಂಧು ಹೆಂಗಸೊಬ್ಬರು ಇವರು ಯಾರು ಎಂದು ಕೇಳಿದರು. ಜೋಯ್ಸ್ ಸ್ವಲ್ಪ ಯೋಚಿಸಿದರು.

“ಅಜ್ಜಿಯ ಕಲ್ಲಿಗೆ ಕನ್ನಡ ಬರೆದುಕೊಟ್ಟವರು.”

ಆ ಹೆಂಗಸು ಬಹಳ ಸಂತೋಷ ಎಂದರು. ವಸಂತಲಕ್ಷ್ಮಿ ಹೌದು ಎಂದು, ಹಿಂದೆ ನಿಂತಿದ್ದವರಿಗೆ ದಾರಿ ಬಿಟ್ಟಳು.